ಕೊಡಲಿ ಅಕ್ಷರ

ಅಣ್ಣ ಏಣಿ ಹಿಡಿದುಕೊಂಡಿದ್ದ. ಅವಳು ಮೇಲೆ ನಿಂತು ಔಷಧಿ ಅಂಗಡಿಯ ಬೋರ್ಡಿನ ಅಂಚಿಗೆ ಕೆಂಪು ಗೆರೆ ಎಳೆಯುತ್ತಿದ್ದಳು. ಯಾರೋ ಗಿರಾಕಿ ಬಂದು ತಮ್ಮ ಬೋರ್ಡು ಯಾವಾಗ ಸಿಗುತ್ತದೆ ಎಂದು ವಿಚಾರಿಸಿದರು. ಅಣ್ಣ ಮೊದಲು ಒಂದು ಕೈ ತೆಗೆದ. ಆಮೇಲೆ, ಎದುರಿಗಿದ್ದ ತನ್ನ ಅಂಗಡಿಯಲ್ಲಿ ಒಣಗಲು ಇಟ್ಟಿದ್ದ ಹಲಗೆಯನ್ನು ತೋರಿಸಲು ತಿರುಗಿದಾಗ ಇನ್ನೊಂದು ಕೈಯೂ ಬಿಟ್ಟುಹೋಯಿತು. ಏಣಿ ಜಾರಿತು.

ಆಗ ಅವಳಿನ್ನೂ ಶಾಲೆಗೆ ಹೋಗುವ ಹುಡುಗಿ. ಬಲಗೈ ಮಣಿಕಟ್ಟು ಮುರಿದಿತ್ತು. ಪಟ್ಟಿ ಬಿಚ್ಚಿದ ದಿನ ಡಾಕ್ಟರು ಅವಳ ಕೈಯನ್ನು ಆಚೆ ಈಚೆ ಹೊರಳಿಸಿ ನೋಡಿ, "ಹಿಡಿಯೋದಕ್ಕೆ, ಎತ್ತೋದಕ್ಕೆ ಏನೂ ತೊಂದರೆ ಇಲ್ಲ. ತಿರುಗಿಸೋದು ಮಾತ್ರ ಸ್ವಲ್ಪ ಕಷ್ಟ" ಎಂದರು. ಬೋರ್ಡು ಬರೆಯುವವರ ಮನೆಯಲ್ಲಿ ಆ 'ಸ್ವಲ್ಪ' ಎಂದರೆ ಎಷ್ಟು ಎಂಬುದು ಡಾಕ್ಟರಿಗೆ ಗೊತ್ತಿರಲಿಲ್ಲ. ಅಣ್ಣನಿಗೆ ಗೊತ್ತಿತ್ತು.

ಅಪ್ಪ ಅಮ್ಮ ಇಬ್ಬರೂ ಬೇಗ ಹೋಗಿಬಿಟ್ಟಿದ್ದರು. ಅವಳಿಗೂ ಅಣ್ಣನಿಗೂ ವಯಸ್ಸಿನ ಅಂತರ ಬಹಳ. ಅವಳ ಪಾಲಿಗೆ ತಂದೆ ತಾಯಿ ಎರಡೂ ಅವನೇ. ಕೆಳಗೆ ಅಂಗಡಿ, ಮೇಲೆ ಒಂದೇ ಕೋಣೆಯ ಮನೆ. ಟರ್ಪೆಂಟೈನಿನ ವಾಸನೆ ಮೆಟ್ಟಿಲು ಹತ್ತಿ ಅನ್ನಕ್ಕೂ ಹಾಸಿಗೆಗೂ ಅಂಟಿರುತ್ತಿತ್ತು. ಅಣ್ಣನನ್ನು ಊರಿನವರೆಲ್ಲ ಪೇಂಟರಣ್ಣ ಎನ್ನುತ್ತಿದ್ದರು. ಅವನ ಅಕ್ಷರಗಳು ದುಂಡಗೆ, ಉಂಡು ಎದ್ದವರ ಹಾಗೆ ತುಂಬಿಕೊಂಡಿರುತ್ತಿದ್ದವು. ಕುಂಚವನ್ನು ಬಣ್ಣದಲ್ಲಿ ಅದ್ದಿ, ಡಬ್ಬಿಯ ಅಂಚಿಗೆ ಒರೆಸಿ, ಉಸಿರು ಬಿಗಿಹಿಡಿದು ಒಂದೇ ಬೀಸಿನಲ್ಲಿ ಸುತ್ತು ಮುಗಿಸುತ್ತಿದ್ದ. ಒಂದೇ ಬೋರ್ಡಿನಲ್ಲಿ ಎರಡು ಕಡೆ 'ಮ' ಬಂದರೆ ಎರಡೂ ಒಂದೇ ಥರ ಇರುತ್ತಿರಲಿಲ್ಲ. ಯಾಕೆ ಎಂದರೆ, "ಬಸ್ಸಲ್ಲಿ ಪಕ್ಕಕ್ಕೆ ದಪ್ಪಗಿರೋರು ಬಂದು ಕೂತ್ರೆ ನಾವು ಸ್ವಲ್ಪ ಸರ್ಕೋತೀವಲ್ಲ, ಅಕ್ಷರಾನೂ ಹಾಗೇ" ಎಂದು ನಗುತ್ತಿದ್ದ.

ಕೈ ವಾಸಿಯಾದ ಮೇಲೆ ಅವಳು ಕುಂಚ ಹಿಡಿದಳು. 'ರ' ಬರೆಯಲು ಹೋದರೆ ಅರ್ಧ ಸುತ್ತಿನಲ್ಲಿ ಮಣಿಕಟ್ಟು ಹಟ ಹಿಡಿದು ನಿಂತುಬಿಡುತ್ತಿತ್ತು. ಬರೆದದ್ದೆಲ್ಲ ಕಾಗೆ ಕಾಲು ಗುಬ್ಬಿ ಕಾಲು. ಅವಳು ಅತ್ತಳು, ಕುಂಚ ಎಸೆದಳು. ಅಣ್ಣ ಅದನ್ನು ಎತ್ತಿ ತೊಳೆದಿಟ್ಟ. ಏಣಿಯ ಮಾತನ್ನು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಆದರೆ ಅಂದಿನಿಂದ ಅವಳು ಕೇಳಿದ ಯಾವುದಕ್ಕೂ ಅವನು ಇಲ್ಲ ಎಂದದ್ದಿಲ್ಲ. ಹೊಸ ಚಪ್ಪಲಿ ಎಂದರೆ ಹೊಸ ಚಪ್ಪಲಿ, ಸಿನಿಮಾ ಎಂದರೆ ಸಿನಿಮಾ. ಯಾಕೆ ಹೀಗೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಕೇಳುತ್ತಿದ್ದಳು.

ಶಾಲೆ ಮುಗಿದ ಮೇಲೆ ಅವಳು ಅಂಗಡಿಯಲ್ಲೇ ಕೂತಳು. ಹಲಗೆಗೆ ಹಿನ್ನೆಲೆ ಬಣ್ಣ ಬಳಿಯುವುದು, ದಾರಕ್ಕೆ ಸೀಮೆಸುಣ್ಣ ಹಚ್ಚಿ ಗೆರೆ ಹೊಡೆಯುವುದು, ಕುಂಚ ತೊಳೆಯುವುದು ಅವಳ ಕೆಲಸ. ಅಷ್ಟರಲ್ಲಿ ಅಣ್ಣನ ಮದುವೆಯಾಗಿ ಅತ್ತಿಗೆ ಬಂದಿದ್ದರು. ಅತ್ತಿಗೆಯದು ಗಟ್ಟಿ ಗಂಟಲು, ಮೆತ್ತನೆ ಮನಸ್ಸು. ಬಂದ ವಾರದಲ್ಲೇ ಇವಳನ್ನು ಪುಟ್ಟಿ ಎಂದು ಕರೆಯಲು ಶುರುಮಾಡಿದರು. ಅಣ್ಣನೂ ಅದನ್ನೇ ಹಿಡಿದ.

ಒಮ್ಮೆ ಅಣ್ಣ ಜ್ವರ ಬಂದು ಮಲಗಿದ. ಅದೇ ಹೊತ್ತಿಗೆ ಮರ ಕೊಯ್ಯುವ ಸಾಮಿಲ್ಲಿನ ಯಜಮಾನರು ಬಂದು ಕೂತರು. ಹೊಸ ಶೆಡ್ಡು ತೆರೆಯುವುದಿದೆ, ನಾಳೆ ಬೋರ್ಡು ಬೇಕೇ ಬೇಕು ಎಂದು ಪಟ್ಟು. ಅಣ್ಣ ಮೇಲಿಂದಲೇ ಕೂಗಿ ಆಗುವುದಿಲ್ಲ ಎಂದ. ಅವಳು ತಲೆ ಎತ್ತದೆ, "ನಾನು ಬರೀತೀನಿ" ಎಂದಳು. ಎಲ್ಲಿಂದ ಬಂತೋ ಆ ಧೈರ್ಯ!

ತನ್ನ ಕೈ ತಿರುಗುವುದಿಲ್ಲ, ಸರಿ. ಹಾಗಾದರೆ ತಿರುಗಿಸದೇ ಬರೆದರೆ? ಅಗಲವಾದ ಚಪ್ಪಟೆ ಕುಂಚ ತೆಗೆದುಕೊಂಡಳು. ಅಳತೆಪಟ್ಟಿ ಇಟ್ಟು ಒಂದು ಗೆರೆ, ನಿಲ್ಲಿಸಿ, ಹಲಗೆಯನ್ನೇ ಸ್ವಲ್ಪ ಓರೆ ಮಾಡಿ ಇನ್ನೊಂದು ಗೆರೆ. ದುಂಡಗಿರಬೇಕಾದ ಕಡೆಯೆಲ್ಲ ಮೂಲೆಗಳು ಬಂದವು. ಸೊನ್ನೆ ವಜ್ರದ ಹರಳಿನಂತಾಯಿತು. ತಲೆಕಟ್ಟು ಅಡ್ಡ ಮಲಗಿದ ತೊಲೆಯಂತಾಯಿತು. ಬರೆದು ಮುಗಿಸಿ ರಸ್ತೆಯ ಆಚೆಗೆ ಹೋಗಿ ನಿಂತು ನೋಡಿದಾಗ ಅವಳಿಗೇ ಭಯವಾಯಿತು. ಅಕ್ಷರಗಳು ರಸ್ತೆ ದಾಟಿ ಎದುರು ಬಂದು ನಿಂತ ಹಾಗಿದ್ದವು.

ಯಜಮಾನರು ಬಂದು ನೋಡಿದರು. ಆಮೇಲೆ ತೊಡೆ ತಟ್ಟಿ, "ಇದಪ್ಪಾ ಅಂದ್ರೆ! ಕೊಡಲಿಲಿ ಕಡಿದು ಜೋಡಿಸಿದ ಹಾಗಿದೆಯಲ್ರೀ! ನಮ್ಮ ಕಸುಬಿಗೆ ಹೇಳಿ ಮಾಡಿಸಿದ್ದು" ಎಂದರು. ಆ ಅಕ್ಷರಕ್ಕೆ ಕೊಡಲಿ ಅಕ್ಷರ ಎಂಬ ಹೆಸರು ಬಿದ್ದದ್ದು ಹೀಗೆ. ಬರೆದವಳು ಬೀದಿಯ ಬಾಯಲ್ಲಿ ಕೊಡಲಿಯಕ್ಕ ಆದಳು.

ಅಣ್ಣ ಜ್ವರ ಬಿಟ್ಟ ಮೇಲೆ ಕಂಬಳಿ ಹೊದ್ದುಕೊಂಡೇ ಸಾಮಿಲ್ಲಿನವರೆಗೆ ನಡೆದು ಹೋಗಿ ನೋಡಿ ಬಂದ. "ಹೇಗಿದೆ?" ಎಂದು ಅವಳು ಕೇಳಲಿಲ್ಲ, ಆದರೆ ಕಿವಿಯೆಲ್ಲ ಅತ್ತಲೇ. ಅವನು ಗೋಡೆಗೆ ಒರಗಿ ಕೂತು, "ಬಣ್ಣ ಜಾಸ್ತಿ ಆಗಿದೆ ಪುಟ್ಟಿ" ಎಂದ. ಅವಳ ಮುಖ ಸಪ್ಪಗಾಯಿತು. "ಅಲ್ಲ ಕಣೇ, ಚೆನ್ನಾಗಿಲ್ಲ ಅಂತಲ್ಲ. ಒಳಗೆ ಗಾಳಿ ಬಿಡು. 'ಠ' ನೋಡು, ಹತ್ರದಿಂದ 'ಠ'. ದೂರದಿಂದ ಬರೀ ಕರೀ ಡಬ್ಬಿ. ಹೊರಗೆ ಎಷ್ಟು ದಪ್ಪ ಮಾಡ್ತೀಯೋ ಒಳಗೂ ಅಷ್ಟು ಜಾಗ ಬಿಡ್ಬೇಕು." ಹೇಳುತ್ತ ಹೇಳುತ್ತ ಅವನ ಕಣ್ಣು ಹೊಳೆಯಿತು. ಹಳೇ ಕ್ಯಾಲೆಂಡರಿನ ಹಿಂಬದಿ ತಿರುಗಿಸಿ ಪೆನ್ಸಿಲು ತೆಗೆದ.

ಆಮೇಲಿನ ತಿಂಗಳುಗಳು ಅವರಿಬ್ಬರ ಬದುಕಿನಲ್ಲೇ ಚೆಂದದ ದಿನಗಳು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೂತು ಇಡೀ ವರ್ಣಮಾಲೆಗೆ ಮೂಲೆ ಕೂರಿಸಿದರು. ಎಲ್ಲ ಮೂಲೆಗಳನ್ನೂ ಒಂದೇ ಓರೆಯಲ್ಲಿ ಕತ್ತರಿಸಬೇಕು, ಆಗ ಮಾತ್ರ ಅವು ಒಂದೇ ಮನೆಯ ಮಕ್ಕಳಂತೆ ಕಾಣುತ್ತವೆ ಎಂದು ಹೇಳಿಕೊಟ್ಟವನು ಅಣ್ಣ. ಅವಳ ಕೈಗೆ ಬಗ್ಗದ 'ಈ', 'ಋ', 'ಜ್ಞ' ಅವನೇ ಬರೆದದ್ದು. ಒತ್ತಕ್ಷರಗಳೆಲ್ಲ ಅವನವೇ. ದಪ್ಪ ಅಕ್ಷರದ ಕೆಳಗೆ ಒತ್ತು ಹಾಕಿದರೆ ಜಾಗವೇ ಸಾಲುತ್ತಿರಲಿಲ್ಲ. ಮೇಲಿನ ಅಕ್ಷರದ ಮೂಲೆಯೊಂದನ್ನು ಕಚ್ಚಿ ತೆಗೆದು ಒತ್ತನ್ನು ಅಲ್ಲಿ ಸಿಕ್ಕಿಸುವ ಉಪಾಯ ಅವನಿಗೆ ಹೊಳೆಯಿತು. "ದುಂಡಕ್ಷರ ಬರೆಯೋನ ಕೈಲಿ ಮೂಲೆ ಬರೆಸ್ತಿದೀಯಲ್ಲೇ" ಎಂದು ಗೊಣಗುತ್ತ ಬರೆಯುತ್ತಿದ್ದ. ಗೊಣಗಾಟದಲ್ಲಿ ಸಂತೋಷವಿತ್ತು.

ಟಯರ್ ಅಂಗಡಿ, ಗ್ಯಾರೇಜು, ಕ್ರೇನು, ಬೀಗದ ಅಂಗಡಿ, ವ್ಯಾಯಾಮ ಶಾಲೆ, ಎಲ್ಲರಿಗೂ ಕೊಡಲಿ ಅಕ್ಷರವೇ ಬೇಕಾಯಿತು. ಒಬ್ಬ ಮಿಠಾಯಿ ಅಂಗಡಿಯವನೂ ಬಂದು ಕೇಳಿದ. ಅಣ್ಣ ಕೈ ಮುಗಿದು, "ಬೇಡ ಮಾರಾಯ, ಬೋರ್ಡ್ ನೋಡಿದೋರಿಗೆ ಹಲ್ಲು ಮುರಿಯುತ್ತೆ ಅನ್ಸುತ್ತೆ" ಎಂದು ದುಂಡಗೆ ಬರೆದುಕೊಟ್ಟ. ಗಟ್ಟಿ ವಸ್ತುವಿಗೆ ತಂಗಿ, ಮೃದು ವಸ್ತುವಿಗೆ ಅಣ್ಣ. ಅಂಗಡಿ ಚೆನ್ನಾಗಿ ನಡೆಯಿತು.

ಹೀಗಿರುವಾಗ ಒಂದು ದಿನ ಅಕ್ಷರದ ಕಂಪನಿಯಿಂದ ಕನ್ನಡಕದ ಒಬ್ಬರು ಬಂದರು. ಕಂಪ್ಯೂಟರಿನಲ್ಲಿ ಬಳಸುವ ಅಕ್ಷರಗಳನ್ನು ಮಾಡಿ ಮಾರುವ ಕಂಪನಿ ಅದು. ಅವರು ಒಳ್ಳೆಯವರೇ. ಬೋರ್ಡುಗಳ ಫೋಟೋ ತೆಗೆದುಕೊಂಡು ಬಂದಿದ್ದರು. "ಇದನ್ನ ನಮಗೆ ಕೊಡಿ. ಪೂರ್ತಿ ಅಕ್ಷರಮಾಲೆ ಮಾಡೋಣ. ಬರೆದವರಿಗೆ ನಮ್ಮಲ್ಲೇ ಕೆಲಸಾನೂ ಇದೆ" ಎಂದರು. ಯೋಚಿಸಿ ಹೇಳಿ, ನಾಳೆ ಬರುತ್ತೇನೆ ಎಂದು ಹೋದರು.

ಅವರು ಬೀದಿ ತಿರುಗುವವರೆಗೂ ಅಣ್ಣ ನೋಡುತ್ತ ನಿಂತ. ಆಮೇಲೆ ಕುಂಚವನ್ನು ಎಣ್ಣೆಯಲ್ಲಿ ಇಳಿಬಿಟ್ಟು, "ಬೇಡ ಪುಟ್ಟಿ" ಎಂದ.

ಏಣಿ ಜಾರಿದ ದಿನದಿಂದ ಈಚೆಗೆ ಮೊದಲ ಸಲ ಅವನು ಅವಳಿಗೆ ಬೇಡ ಎಂದಿದ್ದ. ಅವಳಿಗೆ ಅರ್ಥವೇ ಆಗಲಿಲ್ಲ.

"ಯಾಕೆ ಬೇಡ?"

"ಒಂದ್ಸಲ ಮಶೀನಿಗೆ ಹೋಯ್ತು ಅಂದ್ರೆ ಯಾರು ಬೇಕಾದ್ರೂ ಒತ್ತಿ ತೆಗೀತಾರೆ. ನಾವು ಮಾತ್ರ ಅಲ್ಲ, ಈ ಊರಲ್ಲಿ ಕುಂಚ ಹಿಡಿಯೋರೆಲ್ಲ ಏನ್ ಮಾಡ್ಬೇಕು? ಕೊಡಲಿ ಕಾವು ಕುಲಕ್ಕೆ ಮೃತ್ಯು ಅಂತಾರಲ್ಲ, ಹಾಗಾಗುತ್ತೆ."

"ನಾವು ಕೊಡದಿದ್ರೆ ಇನ್ನೊಬ್ಬರು ಕೊಡ್ತಾರೆ ಅಣ್ಣ."

"ಕೊಡ್ಲಿ. ಅದು ಅವರ ಕೈಯಿಂದ ಆಗ್ಲಿ, ನಮ್ಮ ಕೈಯಿಂದ ಬೇಡ."

ಮೆಟ್ಟಿಲ ಮೇಲೆ ಅತ್ತಿಗೆ ಸೊಪ್ಪು ಬಿಡಿಸುತ್ತ ಕೂತಿದ್ದರು. ಮಾತಿಗೆ ಮಾತು ಬೆಳೆಯಿತು. ನಿನಗೆ ಹೊಟ್ಟೆಕಿಚ್ಚು ಎಂದಳು ಅವಳು. ಅವನು ನಕ್ಕುಬಿಟ್ಟ. ಆ ನಗು ಅವಳಿಗೆ ಚುಚ್ಚಿತು. ಅಷ್ಟು ವರ್ಷ ನಾಲಗೆಯ ಕೆಳಗೆ ಇಟ್ಟುಕೊಂಡಿದ್ದ ಮಾತು ಎದ್ದು ಬಂತು.

"ನನ್ನ ಕೈ ಸರಿ ಇದ್ದಿದ್ರೆ ನಾನೂ ನಿನ್ನ ಥರ ದುಂಡಗೆ ಬರ್ಕೊಂಡು ಇಲ್ಲೇ ಬಿದ್ದಿರ್ತಿದ್ದೆ. ಅವತ್ತು ಏಣಿ ಬಿಟ್ಟಿದ್ದು ಯಾರು?"

ಅತ್ತಿಗೆಯ ಕೈ ಸೊಪ್ಪಿನ ಮೇಲೇ ನಿಂತಿತು. ಅಣ್ಣ ಅವಳನ್ನು ನೋಡಲಿಲ್ಲ. ಎಣ್ಣೆಯಿಂದ ಕುಂಚ ತೆಗೆದು ಬಟ್ಟೆಯಲ್ಲಿ ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ. ಆಮೇಲೆ, "ಸರಿ, ನಾಳೆ ಅವರಿಗೆ ಆಯ್ತು ಅಂದ್ಬಿಡೋಣ" ಎಂದು ಹೇಳಿ ಬೀದಿಗೆ ಇಳಿದುಹೋದ.

ಮರುದಿನ ಕನ್ನಡಕದವರು ಬಂದು, "ಈ ಅಕ್ಷರ ರೂಪಿಸಿದವರು ಅಂತ ಯಾರ ಹೆಸರು ಹಾಕ್ಬೇಕು?" ಎಂದು ಕೇಳಿದರು. ಅವಳು "ನಂದು" ಎಂದಳು. ಒತ್ತಕ್ಷರಗಳು, 'ಈ', 'ಜ್ಞ', ಆ ಒಂದೇ ಓರೆ, ಎಲ್ಲ ಆ ಗಳಿಗೆಯಲ್ಲಿ ಅವಳಿಗೆ ನೆನಪಿಗೆ ಬರಲಿಲ್ಲವೆಂದಲ್ಲ. ಬಂತು. ಹೇಳಲು ಬಾಯಿ ತೆರೆಯಲಿಲ್ಲ, ಅಷ್ಟೇ. ಕನ್ನಡಕದವರು ಅಣ್ಣನ ಕಡೆ ನೋಡಿದರು. "ಹೌದು ಸಾರ್, ಎಲ್ಲ ಅವಳದೇ" ಎಂದ ಅಣ್ಣ.

ಕಂಪನಿಯಲ್ಲಿ ಅವಳಿಗೆ ಕಿಟಕಿಯ ಪಕ್ಕ ಮೇಜು ಕೊಟ್ಟರು. ಕಂಪ್ಯೂಟರಿನ ಮೌಸಿಗೆ ಮಣಿಕಟ್ಟು ತಿರುಗಿಸಬೇಕಾಗಿರಲಿಲ್ಲ. ಕೊಡಲಿ ಎಂಬ ಹೆಸರಿನಲ್ಲೇ ಅಕ್ಷರ ಮಾರುಕಟ್ಟೆಗೆ ಬಂದ ವರ್ಷ ಅವಳು ನೆಲದ ಮೇಲೆ ನಡೆಯಲಿಲ್ಲ. ಪತ್ರಿಕೆಯ ದೊಡ್ಡ ತಲೆಬರಹದಲ್ಲಿ ತನ್ನ ಅಕ್ಷರ ಕಂಡ ಬೆಳಿಗ್ಗೆ ಆ ಪತ್ರಿಕೆಯ ಹಲವು ಪ್ರತಿ ಕೊಂಡು ಆಫೀಸಿನಲ್ಲಿ ಹಂಚಿದಳು. ಸಿಮೆಂಟು ಚೀಲ, ಸಿನಿಮಾ ಪೋಸ್ಟರು, ಲಾರಿಯ ಹಿಂಬದಿ, ಚುನಾವಣೆಯ ಬ್ಯಾನರು, 'ಅಪಾಯ', 'ಪ್ರವೇಶವಿಲ್ಲ', ಎಲ್ಲಿ ನೋಡಿದರೂ ಕೊಡಲಿ. ಗಟ್ಟಿಯಾಗಿ ಹೇಳಬೇಕಾದದ್ದಕ್ಕೆಲ್ಲ ಜನ ಅದನ್ನೇ ಹಿಡಿದರು. ಕ್ರಮೇಣ ಮೆಲ್ಲಗೆ ಹೇಳಬೇಕಾದದ್ದಕ್ಕೂ ಅದನ್ನೇ ಬಳಸಿದರು. ಮಕ್ಕಳ ಬಟ್ಟೆ ಅಂಗಡಿಗೆ ಕೊಡಲಿ, ಹೆರಿಗೆ ಆಸ್ಪತ್ರೆಗೆ ಕೊಡಲಿ. ಅದೇ ಮಿಠಾಯಿ ಅಂಗಡಿಯವನೂ ಪೇಂಟರಣ್ಣನ ಬೋರ್ಡು ಇಳಿಸಿ ಪ್ರಿಂಟ್ ಹೊಡೆಸಿದ ಬ್ಯಾನರು ಕಟ್ಟಿದ. ಒಂದು ಗಂಟೆಯಲ್ಲಿ ಸಿಗುತ್ತದೆ, ಒಣಗುವ ರಗಳೆಯಿಲ್ಲ. ಅವನದೇನು ತಪ್ಪು?

ಬೋರ್ಡು ಬರೆಯುವವರು ಒಬ್ಬೊಬ್ಬರಾಗಿ ಅಂಗಡಿ ಮುಚ್ಚಿದರು. ಹಿಂದಿನ ಬೀದಿಯ ಪೇಂಟರು ಒಮ್ಮೆ ಅಣ್ಣನನ್ನು ತಡೆದು ನಿಲ್ಲಿಸಿ, "ನಿನ್ನ ತಂಗಿಯ ಉಪಕಾರ ಮರೆಯೋ ಹಾಗಿಲ್ಲಪ್ಪ" ಎಂದರಂತೆ. ಇದು ಅವಳಿಗೆ ಗೊತ್ತಾದದ್ದು ಬಹಳ ವರ್ಷಗಳ ಮೇಲೆ, ಅತ್ತಿಗೆಯಿಂದ. ಅಂಗಡಿಗಳು ಮುಚ್ಚುತ್ತಿದ್ದ ಹೊತ್ತಿಗೇ ಅವಳು ಆಫೀಸಿನ ಹತ್ತಿರ ಬೇರೆ ಮನೆ ಮಾಡಿದ್ದಳು. ಮೊದಮೊದಲು ವಾರಕ್ಕೊಮ್ಮೆ ಹೋಗುತ್ತಿದ್ದವಳು ಕೊನೆಗೆ ಯಾವಾಗಲೋ ಒಮ್ಮೆ ಎಂಬಂತಾದಳು. ಅಣ್ಣ ಅಂಗಡಿ ಬಿಟ್ಟುಕೊಟ್ಟ ಸುದ್ದಿ ಬಂದಾಗ ಫೋನು ಮಾಡಿ, "ಈಗೇನು ಮಾಡ್ತೀಯ?" ಎಂದು ಕೇಳಿದಳು. "ಒಂದು ಕಾಂಟ್ರಾಕ್ಟ್ ಕೆಲಸ ಸಿಕ್ಕಿದೆ. ಬಣ್ಣದ ಕೆಲಸಾನೇ" ಎಂದ. ಅವಳಿಗೆ ಸಮಾಧಾನವಾಯಿತು. ಹೆಚ್ಚು ಕೇಳಲು ಹೋಗಲಿಲ್ಲ.

ಒಂದು ಮಧ್ಯಾಹ್ನ ಬಸ್ಸಿನಲ್ಲಿ ಎಲ್ಲಿಗೋ ಹೊರಟಿದ್ದಳು. ಶಾಲೆಯೊಂದರ ಮುಂದೆ ರಸ್ತೆಯ ಅರ್ಧಕ್ಕೆ ಹಗ್ಗ ಕಟ್ಟಿ ಕೆಲಸ ನಡೆಸಿದ್ದರು. ಬಸ್ಸು ನಿಂತಿತು. ಕಿಟಕಿಯಿಂದ ನೋಡಿದಳು. ಹೊಳೆಯುವ ಪಟ್ಟಿಯ ಜಾಕೆಟ್ಟು ಹಾಕಿಕೊಂಡ ಕೆಲವರು ಡಾಂಬರಿನ ಮೇಲೆ ಆಳುದ್ದದ ತಗಡಿನ ಅಚ್ಚು ಹಾಸಿದ್ದರು. ಅಚ್ಚಿನಲ್ಲಿ ಕತ್ತರಿಸಿದ್ದ ಅಕ್ಷರ ಕೊಡಲಿ. ಓಡುವ ಗಾಡಿಯಿಂದ ಕಾಣಲೆಂದು ಉದ್ದಕ್ಕೆ ಎಳೆದ ಕೊಡಲಿ. ಒಬ್ಬ ಮುದುಕ ಮೊಣಕಾಲೂರಿ ಕೂತು ರೋಲರಿನಿಂದ ಬಿಳಿ ಬಣ್ಣ ತಳ್ಳುತ್ತಿದ್ದ. 'ನಿಧಾನ' ಎಂಬ ಪದದ 'ಧಾ' ಮುಗಿದಿತ್ತು. ಅವನು ಎದ್ದು, ಸೊಂಟಕ್ಕೆ ಕೈ ಕೊಟ್ಟು, ಅಚ್ಚು ಎತ್ತಿ, ಅಂಚಿನಲ್ಲಿ ಸೋರಿದ ಬಣ್ಣವನ್ನು ಬೆರಳಿನಿಂದ ಒರೆಸಿ ಸರಿಮಾಡಿದ. ಬೇರೆ ಯಾರೂ ಹಾಗೆ ಒರೆಸುತ್ತಿರಲಿಲ್ಲ. ಒರೆಸಿದ ರೀತಿಯಿಂದಲೇ ಅವಳಿಗೆ ಅದು ಅಣ್ಣ ಎಂದು ಗೊತ್ತಾಯಿತು.

ಅಷ್ಟು ಹೊತ್ತು ಬಸ್ಸು ನಿಂತಿತ್ತು. ಬಾಗಿಲೂ ತೆರೆದಿತ್ತು. ಅವಳು ಇಳಿಯಲಿಲ್ಲ. ಸೀರೆಯ ಸೆರಗು ಸರಿಮಾಡುವವಳಂತೆ ತಲೆ ತಗ್ಗಿಸಿದಳು. ಪಕ್ಕದ ಹೆಂಗಸು, "ಯಾಕ್ರೀ, ಹುಷಾರಿಲ್ವಾ?" ಎಂದು ನೀರು ಕೊಟ್ಟರು. ಬಸ್ಸು ಹೊರಟು ಮುಂದಿನ ಮೂಲೆ ತಿರುಗಿದ ಮೇಲೆ ಅವಳಿಗೆ ಇಳಿಯಬೇಕೆನಿಸಿತು. ಇಳಿದು ಹಿಂದಕ್ಕೆ ನಡೆದು ಬಂದಳು ಕೂಡ. ಅಷ್ಟರಲ್ಲಿ ಕೆಲಸದವರು ಲಾರಿ ಹತ್ತಿ ಹೋಗಿಬಿಟ್ಟಿದ್ದರು. ಹಸಿ ಬಣ್ಣದ ಸುತ್ತ ಹಗ್ಗ ಮಾತ್ರ ಇತ್ತು.

ಮುಂದಿನ ಭಾನುವಾರ ಅವಳು ಅಣ್ಣನ ಮನೆಗೆ ಹೋದಳು. ಈಗ ಅವರಿದ್ದದ್ದು ಎರಡು ಕೋಣೆಯ ಬಾಡಿಗೆ ಮನೆ. ಜಾಕೆಟ್ಟು ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿತ್ತು. ಅತ್ತಿಗೆ ಅದನ್ನು ಅವಸರದಲ್ಲಿ ತೆಗೆದು ಒಳಗಿಡಲು ಹೋದರು.

"ಬಿಡಿ ಅತ್ತಿಗೆ, ನಾನು ನೋಡಿದೆ" ಎಂದಳು.

ಅತ್ತಿಗೆ ಅಲ್ಲೇ ನಿಂತರು. "ನೋಡಿದ್ಯಾ? ನೋಡಿ ಮಾತಾಡಿಸ್ಲಿಲ್ವಾ?"

ಅಣ್ಣನೇ ನಡುವೆ ಬಂದು, "ಲೇ, ಮೊದ್ಲು ಚಹಾ ಕೊಡೇ ಅವಳಿಗೆ. ಬಂದೋಳನ್ನ ಬಾಗಿಲಲ್ಲೇ ವಿಚಾರಣೆ ಮಾಡ್ತಿದೀಯಲ್ಲ" ಎಂದು ಕುರ್ಚಿ ಎಳೆದ. ಅವನ ಉಗುರಿನ ಸುತ್ತ ಬಿಳಿ ಬಣ್ಣ ಗಟ್ಟಿಯಾಗಿತ್ತು.

ಚಹಾ ಆರುವವರೆಗೂ ಅವಳು ಕೂತಿದ್ದಳು. "ಅಣ್ಣ, ಅವತ್ತು ನಾನು ಏಣಿ ವಿಷಯ..." ಎಂದು ಶುರುಮಾಡಿದಳು.

"ಆ ಮಾತು ಬೇಡ."

"ಬೇಡ ಅಂದ್ರೆ ಹೇಗೆ? ನಾನು ಹಾಗನ್ಬಾರ್ದಿತ್ತು."

"ನೀನು ಸುಳ್ಳೇನೂ ಹೇಳ್ಲಿಲ್ಲವಲ್ಲ" ಎಂದ ಅವನು, ತುಂಬ ಸಹಜವಾಗಿ, ಹವೆಯ ವಿಷಯ ಹೇಳುವಂತೆ. ಅವನು ಬಯ್ದಿದ್ದರೆ ಅತ್ತು ಹಗುರಾಗಬಹುದಿತ್ತು. ಅವನು ಬಯ್ಯುವ ಪೈಕಿ ಅಲ್ಲ.

ಏನಾದರೂ ಮಾಡಬೇಕೆಂದು ಅವಳಿಗೆ ಹೊಳೆದದ್ದು ಒಂದೇ. "ನಿನ್ನ ದುಂಡಕ್ಷರಾನ ಕಂಪ್ಯೂಟರಿಗೆ ಹಾಕೋಣ. ನೀನು ಬರಿ, ನಾನು ಕೂರಿಸ್ತೀನಿ. ನಿನ್ನ ಹೆಸರಲ್ಲೇ."

ಅವನು ಜೋರಾಗಿ ನಕ್ಕ. "ನನ್ನ ಅಕ್ಷರ ಎರಡು ಸಲ ಒಂದೇ ಥರ ಬರಲ್ವೇ. ಮಶೀನು ಯಾವ 'ಮ' ಬೇಕು ಅಂತ ಕೇಳಿದ್ರೆ ಏನ್ ಹೇಳ್ತೀಯ?"

"ನಾಲ್ಕು ಥರ ಬರಿ. ನಾಲ್ಕನ್ನೂ ಇಡ್ತೀನಿ."

ಅವನು ಒಳಗೊಳಗೇ ಹಿಗ್ಗಿದ್ದು ಅತ್ತಿಗೆಗೆ ಕಂಡಿತು. ಮರುದಿನವೇ ಪೆಟ್ಟಿಗೆಯಿಂದ ಹಳೇ ಕುಂಚಗಳು ಹೊರಬಂದವಂತೆ. ಕೂದಲು ಗಟ್ಟಿಯಾಗಿದ್ದ ಅವನ್ನು ಬಿಸಿನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿದನಂತೆ.

ಭಾನುವಾರದ ಕೆಲಸ ಎಂದು ನಿಗದಿಯಾಯಿತು. ಅವನು ಬರೆಯುವುದು, ಅವಳು ಪಕ್ಕದಲ್ಲಿ ಕೂತು ಅಳತೆ ನೋಡುವುದು. ರೋಲರು ತಳ್ಳಿ ತಳ್ಳಿ ಅವನ ಭುಜ ಸೋತಿತ್ತು. ದಿನಕ್ಕೆ ಒಂದೆರಡು ಅಕ್ಷರಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ. ಆದರೂ ಸುತ್ತು ಮಾತ್ರ ಹಿಂದಿನ ಹಾಗೇ ತುಂಬಿ ಬರುತ್ತಿತ್ತು. ಸ್ವರಗಳೆಲ್ಲ ಮುಗಿದವು. ವ್ಯಂಜನ ಶುರುವಾಯಿತು. ಅದೇ ಹೊತ್ತಿಗೆ ಕಂಪನಿಯಲ್ಲಿ ಹೊಸ ಕೆಲಸ ಬಂತು, ಅವಳು ಒಂದು ಭಾನುವಾರ ತಪ್ಪಿಸಿದಳು. "ಮುಂದಿನ ವಾರ ಬರ್ತೀನಣ್ಣ" ಎಂದಳು. ಮುಂದಿನ ವಾರ ಇನ್ನೇನೋ. ಫೋನಿನಲ್ಲಿ ಅವನು ಯಾವತ್ತೂ ಬಾ ಎಂದು ಒತ್ತಾಯ ಮಾಡಲಿಲ್ಲ. "ಕೆಲಸ ನೋಡ್ಕೋ, ಅಕ್ಷರ ಎಲ್ಲಿಗೂ ಓಡಿಹೋಗಲ್ಲ" ಎನ್ನುತ್ತಿದ್ದ.

'ಡ'ದವರೆಗೆ ಬಂದು ನಿಂತಿತು. ಅವಳು ಬರದಿದ್ದರೆ ಅವನು ಒಬ್ಬನೇ ಬರೆಯಲು ಕೂರುತ್ತಿರಲಿಲ್ಲ. "ಅವಳು ಬರ್ಲಿ" ಎಂದು ಕುಂಚ ತೊಳೆದಿಡುತ್ತಿದ್ದ ಎಂದು ಅತ್ತಿಗೆ ಆಮೇಲೆ ಹೇಳಿದರು. ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಡಲು ಜಾಕೆಟ್ಟಿನ ಗುಂಡಿ ಹಾಕುತ್ತಿದ್ದವನು ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆಗೆ ಅವಳು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ರಸ್ತೆ ಕೆಲಸದ ಜೊತೆಗಾರರು ಅಣ್ಣನ ಫೋಟೋ ಹಾಕಿ ಒಂದು ದೊಡ್ಡ ಬ್ಯಾನರು ಮಾಡಿಸಿ ಬೀದಿಯ ತುದಿಯಲ್ಲಿ ಕಟ್ಟಿದರು. ಅವರ ಕಣ್ಣಲ್ಲಿ ನಿಜವಾದ ನೀರಿತ್ತು. ಹೆಸರು, ತೀರಿಕೊಂಡ ದಿನ, ಎಲ್ಲ ಕೊಡಲಿಯಲ್ಲೇ ಇತ್ತು. ಅವಳು ಅದನ್ನು ನೋಡಿ, ಇಳಿಸಿ ಎಂದು ಕೂಗಲು ಹೊರಟಳು. ಅತ್ತಿಗೆ ಕೈ ಹಿಡಿದು ಎಳೆದರು.

"ಸುಮ್ನಿರು ಪುಟ್ಟಿ. ಪ್ರೀತಿಯಿಂದ ಮಾಡಿದಾರೆ."

"ಅವನ ಹೆಸರನ್ನ ಇದರಲ್ಲಿ..."

"ಈ ಅಕ್ಷರದಲ್ಲೂ ನಿಮ್ಮಣ್ಣನ ಕೈ ಇದೆಯಲ್ಲ. ಯಾರಿಗೂ ಗೊತ್ತಿಲ್ಲ ಅಷ್ಟೇ."

ಆ ಮಾತು ನಾಟಿತು. ತಿಂಗಳು ಕಳೆದ ಮೇಲೆ ಅವಳು ಕನ್ನಡಕದವರ ಕೋಣೆಗೆ ಹೋದಳು. ಅವರೀಗ ಕಂಪನಿಯ ಮುಖ್ಯಸ್ಥರು. ಕೊಡಲಿ ಅಕ್ಷರದ ಜೊತೆಗೆ ಅಣ್ಣನ ಹೆಸರನ್ನೂ ಸೇರಿಸಬೇಕು, ಅರ್ಧ ಕೆಲಸ ಅವನದು ಎಂದು ಬಿಡಿಸಿ ಹೇಳಿದಳು. ಅವರು ತಾಳ್ಮೆಯಿಂದ ಕೇಳಿದರು.

"ಅವತ್ತು ನಾನು ಕೇಳಿದ್ದೆನಲ್ಲಮ್ಮ. ನೀವು ನಿಮ್ಮದು ಅಂದ್ರಿ. ಅವರೂ ಹೌದು ಅಂದ್ರು."

"ಸುಳ್ಳು ಹೇಳಿದ್ವಿ ಸಾರ್. ನಾನು ಮೊದ್ಲು ಹೇಳಿದೆ, ಅವನು ಆಮೇಲೆ ಹೇಳಿದ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೊಡಲಿಯನ್ನು ಆಗಲೇ ಬೇರೆ ಬೇರೆ ಕಂಪನಿಗಳಿಗೆ ಕೊಟ್ಟಾಗಿತ್ತು, ಲಕ್ಷಾಂತರ ಯಂತ್ರಗಳಲ್ಲಿ ಅದು ಕೂತಿತ್ತು. ಇಲ್ಲಿ ಹೆಸರು ತಿದ್ದಿದರೆ ಅಲ್ಲೆಲ್ಲ ತಿದ್ದಿದಂತೆ ಆಗುವುದಿಲ್ಲ. "ಯಾರಾದ್ರೂ ಕೇಳಿದ್ರೆ ನಾನು ಹೇಳ್ತೀನಿ" ಎಂದರು. ಯಾರೂ ಕೇಳುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಆ ವರ್ಷ ಮುಗಿಯುವ ಮೊದಲೇ ಅವಳು ಕೆಲಸ ಬಿಟ್ಟಳು. ಕೋಪದಿಂದಲ್ಲ. ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತರೆ ಕೈ ಓಡುತ್ತಲೇ ಇರಲಿಲ್ಲ.

ಈಗ ಅವಳು ಅತ್ತಿಗೆಯ ಜೊತೆಯಲ್ಲೇ ಇದ್ದಾಳೆ. ಇಬ್ಬರಿಗೂ ತಲೆ ಬೆಳ್ಳಗಾಗಿದೆ. ಪುಸ್ತಕಗಳಿಗೆ ರಕ್ಷಾಪುಟ ಮಾಡಿಕೊಟ್ಟು, ಮನೆಯಲ್ಲೇ ಕೂತು ದುಡಿಯುತ್ತಾಳೆ. ಕಳೆದ ಬೇಸಿಗೆಯಲ್ಲಿ ಹಳೆಯ ಆಫೀಸಿನ ಸಹೋದ್ಯೋಗಿಯೊಬ್ಬಳು ನೋಡಲು ಬಂದಿದ್ದಳು. ಅಣ್ಣ ಬರೆದ ಹಾಳೆಗಳನ್ನು ನೆಲದ ಮೇಲೆ ಹರಡಿ ತೋರಿಸಿದಾಗ ಬಂದವಳು ಬೆರಗಾಗಿ, "ಇಷ್ಟು ಸಾಕು ಅಕ್ಕ! ಉಳಿದದ್ದನ್ನ ಕಂಪ್ಯೂಟರೇ ಇದೇ ಥರ ಮಾಡಿಕೊಡುತ್ತೆ. 'ಢ'ದಿಂದ 'ಳ'ದವರೆಗೆ ಒಂದು ವಾರದ ಕೆಲಸ. ಪೂರ್ತಿ ಆಗಿ ಅವರ ಹೆಸರಲ್ಲೇ ಬಿಡಬಹುದು" ಎಂದಳು.

ಅವಳಿಗೆ ಆಸೆಯಾಯಿತು. ಆಸೆ ಮುಖದಲ್ಲಿ ಕಂಡಿತೋ ಏನೋ, ಅತ್ತಿಗೆ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದರು.

"ಇವರು ಬರೀದೇ ಇರೋದನ್ನ ಇವರು ಬರೆದ್ರು ಅಂತ ಹೇಳೋದಾ?"

"ಇವರ ಥರಾನೇ ಇರುತ್ತೆ ಆಂಟಿ, ವ್ಯತ್ಯಾಸಾನೇ ಗೊತ್ತಾಗಲ್ಲ" ಎಂದಳು ಬಂದವಳು.

"ನಂಗೆ ಗೊತ್ತಾಗುತ್ತಲ್ಲ" ಎಂದರು ಅತ್ತಿಗೆ. ಗಂಟಲು ಎಂದಿನ ಹಾಗೆ ಗಟ್ಟಿ. "ಇವಳಿಗೂ ಗೊತ್ತಾಗುತ್ತೆ."

ಅವಳು ನೆಲಕ್ಕೆ ಬಗ್ಗಿದಳು. ಹಾಳೆಗಳನ್ನು ಒಂದೊಂದಾಗಿ ಜೋಡಿಸಿ ಎತ್ತಿದಳು. ಅತಿಥಿಗೆ ಊಟ ಬಡಿಸಿ, ಬಸ್ ನಿಲ್ದಾಣದವರೆಗೆ ಹೋಗಿ ಬೀಳ್ಕೊಟ್ಟು ಬಂದಳು. ವಾಪಸು ಬಂದಾಗ ಅತ್ತಿಗೆ ಹಾಳೆಗಳ ಮಧ್ಯೆ ಹುಳ ಬರದಂತೆ ಬೇವಿನ ಎಲೆ ಇಡುತ್ತಿದ್ದರು. ಅವಳೂ ಪಕ್ಕದಲ್ಲಿ ಕೂತು ಎಲೆ ಬಿಡಿಸಿ ಕೊಡತೊಡಗಿದಳು.